ಸೊನ್ನೆ ಶೇಕಡಾದ ಜನ

ಆಫೀಸಿನಲ್ಲಿ ಅವಳಿಗೆ ಮ್ಯೂಸಿಯಮ್ಮ ಎಂಬ ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಧೈರ್ಯ ಬಂದು ಎದುರಿಗೇ ಕರೆದರು, ಕೊನೆಗೆ ಹೊಸದಾಗಿ ಸೇರಿದವರು ಅದೇ ಅವಳ ನಿಜವಾದ ಹೆಸರೆಂದು ತಿಳಿದು "ಮ್ಯೂಸಿಯಮ್ಮನವರೇ" ಎಂದು ಗೌರವ ಬೇರೆ ಸೇರಿಸಿದರು. ವಯಸ್ಸು ಕಾರಣವಲ್ಲ, ಅವಳಿಗೆ ಇನ್ನೂ ನಲವತ್ತೊಂಬತ್ತು. ಕಾರಣ ಮ್ಯೂಸಿಯಂನಂತಿದ್ದ ಅವಳ ಮೇಜು. ಮಿಕ್ಕವರ ಮುಂದೆ ಶಾಲೆಮಕ್ಕಳ ಸ್ಲೇಟಿನಷ್ಟು ತೆಳ್ಳಗಿನ ಕಂಪ್ಯೂಟರುಗಳಿದ್ದರೆ ಇವಳ ಮುಂದೆ ಮೂರು ಹಳೇ ಡಬ್ಬಗಳು. ಒಂದರ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಇನ್ನೊಂದನ್ನು ಶುರು ಮಾಡಿ, ಮುಖ ತೊಳೆದುಕೊಂಡು, ಟೀ ಕುಡಿದು ಬಂದರೂ ಅದು ಇನ್ನೂ "ದಯವಿಟ್ಟು ಕಾಯಿರಿ" ಎನ್ನುತ್ತಿತ್ತು. ಮೂರನೆಯದರ ಮೌಸಿಗೆ ಉದ್ದನೆಯ ಬಾಲವಿತ್ತು, ಅದನ್ನು ನೋಡಲೆಂದೇ ಮೇಲಿನ ಮಹಡಿಯಿಂದ ಜನ ಇಳಿದು ಬರುತ್ತಿದ್ದರು.

ಆ ಕಂಪನಿ ಊರಿನ ದೊಡ್ಡ ದೊಡ್ಡ ಸಂಸ್ಥೆಗಳಿಗೆ ವೆಬ್‌ಸೈಟು ಮಾಡಿಕೊಡುತ್ತಿತ್ತು. ಮಾಡಿದ ಪ್ರತಿ ಪುಟವನ್ನೂ ಹೊರಗೆ ಬಿಡುವ ಮೊದಲು ಮ್ಯೂಸಿಯಮ್ಮ ಹಳೆಯ ಬ್ರೌಸರಿನಲ್ಲಿ ತೆರೆದು ನೋಡಿ, ಎಲ್ಲಿ ಏನು ಕೈಕೊಟ್ಟಿದೆ ಎಂದು ಪರೀಕ್ಷಾ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಆ ಸಹಿಯಿಲ್ಲದೆ ಪುಟ ಹೊರಡುವಂತಿರಲಿಲ್ಲ. ಬ್ರೌಸರೆಂದರೆ ಇಂಟರ್ನೆಟ್ಟಿನ ಪುಟವನ್ನು ತೆರೆದು ತೋರಿಸುವ ಸಾಧನ, ಎಲ್ಲರಿಗೂ ಗೊತ್ತಿರುವುದೇ. ಅದಕ್ಕೂ ವಯಸ್ಸಾಗುತ್ತದೆ, ವಯಸ್ಸಾದ ಮೇಲೆ ಹೊಸಬರ ಮಾತು ಅದಕ್ಕೆ ಅರ್ಥವಾಗುವುದಿಲ್ಲ. ಡಿಸೈನರುಗಳ ಪಾಲಿಗೆ ಇದು ಕ್ಷಮಿಸಲಾಗದ ಅಪರಾಧ.

ತಮಾಷೆಯೆಂದರೆ, ಇಪ್ಪತ್ತೆರಡು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಇದೇ ಬ್ರೌಸರು ಹೊಸ ಅಳಿಯನಂತೆ ಮೆರೆಯುತ್ತಿತ್ತು. ಪ್ರತಿ ಪುಟದ ಅಡಿಯಲ್ಲೂ "ಇದನ್ನು ಈ ಬ್ರೌಸರಿನಲ್ಲಿಯೇ ನೋಡಿ" ಎಂದು ಅದರ ಮುದ್ರೆ ಒತ್ತುತ್ತಿದ್ದರು. ಬೇರೆ ಬ್ರೌಸರಿನವರು ಬಂದರೆ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದರು. ವೆಬ್‌ಸೈಟು ಮಾಡುವವರ ಈ ಮಾತು ನಂಬಿ ಬ್ಯಾಂಕಿನವರು, ಆಸ್ಪತ್ರೆಯವರು, ಯಂತ್ರ ಮಾಡುವವರು ಎಲ್ಲರೂ ಅದನ್ನೇ ಕಟ್ಟಿಕೊಂಡರು. ಹಾಗೆ ಅದನ್ನು ತಲೆಯ ಮೇಲೆ ಕೂರಿಸಿಕೊಂಡ ಆಫೀಸಿನವರೇ ಈಗ ಅದರ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು, ಇನ್ನೂ ಅದನ್ನು ಬಳಸುವವರು ಎಂಥ ಸೋಮಾರಿಗಳಿರಬೇಕು ಎಂದು ಟೀ ಕುಡಿಯುತ್ತ ಚರ್ಚೆ ಮಾಡುತ್ತಿದ್ದರು.

ಈ ಚರ್ಚೆಗಳ ಮುಂದಾಳು ಕಲಾವಿದ. ಅವನು ಮೂವತ್ತೆರಡು ವರ್ಷದ ಡಿಸೈನರು. ತಾನು ಮಾಡುವುದು ಪುಟವಲ್ಲ, ಅನುಭವ ಎಂದು ಹೇಳಿಕೊಳ್ಳುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಎಂಟು ತಿಂಗಳ ಹಿಂದೆ ಊರಿನ ದೊಡ್ಡಾಸ್ಪತ್ರೆ ತನ್ನ ಡಯಾಲಿಸಿಸ್ ವಿಭಾಗಕ್ಕೆ ಒಂದು ಪುಟವನ್ನು ಹೊಸದಾಗಿ ಮಾಡಿಕೊಡಿ ಎಂದಾಗ ಅದು ಅವನ ಕೈಗೇ ಬಂತು. ಕಿಡ್ನಿ ಕೆಟ್ಟವರನ್ನು ಮನೆಯಿಂದ ಆಸ್ಪತ್ರೆಗೆ ಕರೆತರುವ ವ್ಯಾನು ಒಂದಿತ್ತು. ಯಾವ ವಾರ ಯಾರು ಯಾರು ಬರಬೇಕೆಂದು ಸುತ್ತಲಿನ ಸಣ್ಣ ಕ್ಲಿನಿಕ್ಕುಗಳವರು ಹಿಂದಿನ ಬುಧವಾರದೊಳಗೆ ಈ ಪುಟದಲ್ಲಿ ಗುರುತು ಹಾಕಬೇಕು. ಒಂದು ಪಟ್ಟಿ, ಪಕ್ಕದಲ್ಲಿ ಟಿಕ್ ಹಾಕುವ ಜಾಗ, ಕೆಳಗೊಂದು ಬಟನ್ನು ಇದ್ದರೆ ಮುಗಿಯಿತು. ಕಲಾವಿದನಿಗೆ ಅಷ್ಟರಲ್ಲಿ ಅನುಭವವೇ ಕಾಣಲಿಲ್ಲ. ಹಿನ್ನೆಲೆಯಲ್ಲಿ ನೀಲಿ ಹನಿಗಳನ್ನು ತೇಲಿಸಿದ. ರೋಗಿಗಳ ಹೆಸರು ಒಂದೊಂದಾಗಿ ಮೆಲ್ಲಗೆ ಜಾರಿ ಬರುವಂತೆ ಮಾಡಿದ. ಬಟನ್ನಿಗೆ ಕಿಡ್ನಿಯ ಆಕಾರ ಕೊಟ್ಟು, ಮುಟ್ಟಿದರೆ ನಾಚಿಕೊಂಡು ಓಲಾಡುವ ಹಾಗೆ ಮಾಡಿದ. ನೋಡಲು ಚೆನ್ನಾಗಿಯೇ ಇತ್ತು, ಮ್ಯೂಸಿಯಮ್ಮನೂ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಅದನ್ನು ಎರಡು ನಿಮಿಷ ಬಾಯಿ ಬಿಟ್ಟುಕೊಂಡು ನೋಡಿದ್ದಳು.

ಅವಳ ಡಬ್ಬದಲ್ಲಿ ಮಾತ್ರ ಹನಿಯೂ ಇಲ್ಲ, ಹೆಸರೂ ಇಲ್ಲ, ಕಿಡ್ನಿಯೂ ಇಲ್ಲ. ಬರೀ ಬಿಳಿ. ಪರೀಕ್ಷಾ ಹಾಳೆಯಲ್ಲಿ ಅವಳು "ಹಳೆಯ ಬ್ರೌಸರಿನಲ್ಲಿ ಖಾಲಿ ಪುಟ, ಬಿಡಬಾರದು" ಎಂದು ಬರೆದಳು. ಮ್ಯಾನೇಜರು ಒಂದು ವರದಿ ಹಿಡಿದುಕೊಂಡು ಬಂದರು. ಆಸ್ಪತ್ರೆಯ ಅದುವರೆಗಿನ ಪುಟಕ್ಕೆ ಯಾವ ಬ್ರೌಸರಿನಿಂದ ಎಷ್ಟು ಜನ ಬರುತ್ತಾರೆ ಎಂಬ ವರದಿ ಅದು. ಹಳೆಯ ಬ್ರೌಸರಿನ ಎದುರು ಸೊನ್ನೆ ಶೇಕಡಾ ಎಂದಿತ್ತು. "ಇಲ್ಲದೇ ಇರೋರಿಗೋಸ್ಕರ ಇರೋರನ್ನ ಕಾಯಿಸ್ಬೇಕಾ ಮೇಡಂ?" ಎಂದು ಅವರು ಕೇಳಿದಾಗ ಸುತ್ತ ಕುಳಿತವರೆಲ್ಲ ನಕ್ಕರು. ಇಂಥ ಎಷ್ಟೋ ಪುಟಗಳಿಗಾಗಿ ಜಗಳವಾಡಿದ್ದ ಮ್ಯೂಸಿಯಮ್ಮನಿಗೆ ಅಂದು ನಗೆಗೀಡಾಗಿ ಸಾಕಾಗಿತ್ತು. "ಬಿಡಬಾರದು" ಎಂಬುದನ್ನು ಹೊಡೆದುಹಾಕಿ "ಬಿಡಬಹುದು" ಎಂದು ಬರೆದು ಸಹಿ ಹಾಕಿದಳು. ಆಮೇಲೆ ಆ ಹಾಳೆಯ ನೆನಪು ಬಂದಾಗಲೆಲ್ಲ, ಸೊನ್ನೆ ಅಂದರೆ ಸೊನ್ನೆ ತಾನೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆ ಸೊನ್ನೆ ತಿರುಗಿ ಅವಳ ಕುರ್ಚಿಗೇ ಬಂದದ್ದು ಮೊನ್ನೆ ಸೋಮವಾರ. ಮ್ಯಾನೇಜರು ಅವಳನ್ನು ಒಳಗೆ ಕರೆದು, ಕೂರಿಸಿ, ನೀರು ಕೊಟ್ಟರು. ಆ ಆಫೀಸಿನಲ್ಲಿ ನೀರು ಕೊಟ್ಟರೆಂದರೆ ಕೆಲಸ ಹೋಯಿತೆಂದೇ ಲೆಕ್ಕ.

"ಎಂಟು ತಿಂಗಳಿಂದ ನೋಡ್ತಿದ್ದೀನಿ ಮೇಡಂ, ಬಳಕೆದಾರರು ಸೊನ್ನೆ, ದೂರು ಸೊನ್ನೆ. ಇನ್ನು ಈ ಹಳೇ ಬ್ರೌಸರ್ ಪರೀಕ್ಷೆ ಯಾರಿಗೆ? ಈ ತಿಂಗಳ ಕೊನೆಗೆ ನಿಮ್ಮ ಮೇಜು ಮುಚ್ಚೋಣ ಅಂತ ಮೇಲಿನವರು ಹೇಳಿದ್ದಾರೆ."

ಗಂಡ ಕೆಲಸ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿ ಎರಡು ವರ್ಷವಾಗಿತ್ತು. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಅವನದು, ದುಡಿಮೆ ಇವಳದು. ಸತ್ತುಹೋದ ಬ್ರೌಸರು ಯಾವ ಯಾವ ರೀತಿಯಲ್ಲಿ ಕೈಕೊಡುತ್ತದೆ ಎಂಬ ಅಪೂರ್ವ ವಿದ್ಯೆಯೊಂದನ್ನೇ ಕಲಿತ ನಲವತ್ತೊಂಬತ್ತರ ಹೆಂಗಸನ್ನು ಬೇರೆ ಯಾರೂ ಕೈಬೀಸಿ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನೀರು ಕುಡಿಯದೆ ಎದ್ದುಹೋಗಿ ತನ್ನ ಡಬ್ಬದಲ್ಲಿ ಆಸ್ಪತ್ರೆಯ ಪುಟವನ್ನು ಇಪ್ಪತ್ತು ಸಲ ತೆರೆದು, ವರದಿ ನೋಡಿದಳು. ಸೊನ್ನೆಯೇ ಇತ್ತು. ಇಪ್ಪತ್ತೊಂದನೆಯ ಸಲಕ್ಕೆ ಅವಳ ತಲೆಗೆ ಹೊಳೆಯಿತು. ಜನರನ್ನು ಎಣಿಸುವ ಪ್ರೋಗ್ರಾಮು ಪುಟದ ಜೊತೆಯಲ್ಲೇ ಬರುತ್ತದೆ, ಹೋದ ವರ್ಷವಷ್ಟೇ ಅದನ್ನು ಹೊಸದು ಮಾಡಿದ್ದರು. ಹಳೆಯ ಬ್ರೌಸರಿನಲ್ಲಿ ಆ ಎಣಿಸುವ ಪ್ರೋಗ್ರಾಮೇ ಓಡುವುದಿಲ್ಲ. ಒಳಗೆ ಬಂದವರನ್ನು ಮಾತ್ರ ಎಣಿಸುವ ಕಾವಲುಗಾರನನ್ನು ಮನೆಯೊಳಗೆ ಕೂರಿಸಿ, ಬಾಗಿಲು ತೆರೆಯದೆ ಹಿಂದಿರುಗಿದವರು ಎಷ್ಟಪ್ಪಾ ಎಂದು ಕೇಳಿದರೆ ಅವನು ಸೊನ್ನೆ ಎನ್ನದೆ ಇನ್ನೇನು ಹೇಳಿಯಾನು? ಬುದ್ಧಿವಂತರೇ ತುಂಬಿದ್ದ ಆ ಆಫೀಸು ಒಂದು ವರ್ಷದಿಂದ ಅವನ ಮಾತಿನ ಮೇಲೆ ನಡೆಯುತ್ತಿತ್ತು.

ಅವಳು ಓಡಿಹೋಗಿ ಹೇಳಿದಳು. ಮ್ಯಾನೇಜರು ತಾಳ್ಮೆಯಿಂದ ಕೇಳಿ, "ನಮ್ಮ ಆಫೀಸಿನೋರು ಪುಟ ತೆರೆದರೆ ಎಣಿಕೆಗೆ ಸೇರಿಸಬಾರದು ಅಂತ ನಾವೇ ಮಾಡಿಟ್ಟಿದ್ದೀವಲ್ಲ ಮೇಡಂ? ನೀವು ಸಾವಿರ ಸಲ ತೆರೆದ್ರೂ ಸೊನ್ನೇನೇ" ಎಂದರು. ಅದೂ ನಿಜವೇ. ಪಕ್ಕದಲ್ಲಿ ನಿಂತಿದ್ದ ಕಲಾವಿದ ಕನಿಕರದಿಂದ ಒಂದು ದಾರಿ ತೋರಿಸಿದ. "ಅಕ್ಕಾ, ಅಷ್ಟೆಲ್ಲಾ ಯಾಕೆ? ಆ ಬ್ರೌಸರ್ ಬಳಸೋ ಒಬ್ಬರೇ ಒಬ್ಬರನ್ನ ತೋರಿಸಿ. ಉಸಿರಾಡ್ತಿದ್ರೆ ಸಾಕು." ಎಲ್ಲರೂ ನಕ್ಕರು. ಮ್ಯಾನೇಜರಿಗೂ ಇದು ನ್ಯಾಯವಾಗಿಯೇ ಕಂಡಿತು. "ಶುಕ್ರವಾರ ಮೀಟಿಂಗ್ ಇದೆ, ಅಷ್ಟರಲ್ಲಿ ಒಬ್ಬರನ್ನ ಕರ್ಕೊಂಡು ಬನ್ನಿ, ನಿಮ್ಮ ಮೇಜು ಮುಟ್ಟಲ್ಲ" ಎಂದು ಮಾತು ಕೊಟ್ಟರು.

ಮಂಗಳವಾರ ರಜೆ ಹಾಕಿ ಅವಳು ಬೀದಿ ಬೀದಿ ಅಲೆದಳು. ಲೈಬ್ರರಿಯವರು "ನಾವು ಹೊಸದು ತಗೊಂಡ್ವಲ್ಲ" ಎಂದು ಹೆಮ್ಮೆಪಟ್ಟರು. ಔಷಧಿ ಅಂಗಡಿಯವನು ತನ್ನ ಕಂಪ್ಯೂಟರಿನಲ್ಲಿ ಬ್ರೌಸರೇ ಇಲ್ಲ, ಬರೀ ಬಿಲ್ ಹಾಕುವ ಪ್ರೋಗ್ರಾಮಿದೆ ಎಂದ. ನೆಂಟರಲ್ಲಿ ಒಬ್ಬ ಭಾವ, ಯಾವುದನ್ನೂ ಎಸೆಯದ ಜಿಪುಣ, ಅವನ ಮೇಲೆ ಅವಳಿಗೆ ತುಂಬಾ ಭರವಸೆಯಿತ್ತು. ಅವನು ಹೋದ ತಿಂಗಳಷ್ಟೇ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದ. ಜೀವಮಾನದಲ್ಲಿ ಒಂದು ವಸ್ತು ಎಸೆದಿದ್ದಾನೆ, ಅದೂ ಈಗಲೇ ಆಗಬೇಕಿತ್ತೇ ಎಂದು ಅವಳಿಗೆ ಮೈಯೆಲ್ಲಾ ಉರಿಯಿತು.

ಸಂಜೆ ಚಪ್ಪಲಿ ಬಿಸಾಕಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತಳು. ಗಂಡ ಪಾತ್ರೆ ಒರೆಸುತ್ತಿದ್ದ.

"ಏನಾಯ್ತೇ? ಸಿಕ್ಕಿದ್ರಾ ನಿನ್ನ ಮಹಾನುಭಾವರು?"

"ಸುಮ್ನಿರಿ. ಊರಲ್ಲಿ ಒಬ್ರೂ ಇಲ್ಲ. ಅವರು ಹೇಳೋದೇ ಸರಿ ಅನ್ನಿಸ್ತಿದೆ. ಒಂದು ದೂರು ಕೂಡ ಬಂದಿಲ್ಲವಂತೆ ರೀ."

ಅವನು ಒರೆಸಿದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. "ನಮ್ಮ ಪ್ರೆಸ್ಸಲ್ಲಿ ಫೋನ್ ಕೆಟ್ಟಾಗ ಫೋನ್ ಕೆಟ್ಟಿದೆ ಅಂತ ಯಾರೂ ಫೋನ್ ಮಾಡಿ ಹೇಳ್ಲಿಲ್ಲ. ಬೈಕೊಂಡು ನಡ್ಕೊಂಡು ಬಂದ್ರು."

ಅವಳು ಅವನ ಮುಖವನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮನುಷ್ಯ ಇಷ್ಟು ಉಪಯೋಗವಾಗುವ ಮಾತು ಆಡಿದ್ದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು, ಅದನ್ನು ಹೇಳಿಯೂಬಿಟ್ಟಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳು ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಿಭಾಗದ ಕೌಂಟರಿನ ಮುಂದಿದ್ದಳು. ಗಾಜಿನ ಕಿಟಕಿ, ಕಿಟಕಿಯೊಳಗೆ ಕಣ್ಣೆತ್ತದ ಒಬ್ಬ ಗುಮಾಸ್ತ, ಕಿಟಕಿಯ ಮೇಲೆ "ವ್ಯಾನ್ ಬುಕಿಂಗ್ ನಮ್ಮ ವೆಬ್‌ಸೈಟಿನಲ್ಲಿ ಮಾತ್ರ" ಎಂಬ ಬೋರ್ಡು, ಬೋರ್ಡಿನ ಕೆಳಗೆ ಕೈಯಲ್ಲಿ ಕಾಗದ ಹಿಡಿದ ಏಳು ಜನರ ಸಾಲು. ಸಾಲಿನ ಮೂರನೆಯವರು ಬಿಳಿ ಸೀರೆಯ ಮೇಲೆ ಸ್ವೆಟರ್ ಹಾಕಿದ್ದ ಒಬ್ಬ ನರ್ಸು, ಅರವತ್ತರ ಹತ್ತಿರದವರು. ಮ್ಯೂಸಿಯಮ್ಮ ಮೆಲ್ಲಗೆ ಪಕ್ಕಕ್ಕೆ ಸರಿದಳು.

"ಸಿಸ್ಟರ್, ಇದನ್ನ ವೆಬ್‌ಸೈಟಲ್ಲೇ ಮಾಡಬಹುದಲ್ವಾ? ನೀವ್ಯಾಕೆ ಬಂದಿರಿ?"

"ಮಾಡಬಹುದಮ್ಮ, ತೆರೆದ್ರೆ ತಾನೇ? ಎಂಟು ತಿಂಗಳಾಯ್ತು, ತೆರೆದ್ರೆ ಬಿಳೀ ಹಾಳೆ ಬರುತ್ತೆ, ಅಷ್ಟೇ."

ಮ್ಯೂಸಿಯಮ್ಮನಿಗೆ ಆದ ಸಂತೋಷ ಹೇಳತೀರದು. ಪಟ್ಟಿ ಹಿಡಿದು ಕಾಲು ನೋಯಿಸಿಕೊಂಡು ನಿಂತ ಹೆಂಗಸಿನ ಮುಂದೆ ಅವಳು ಹಲ್ಲು ಕಿರಿದಳು, ಬಿಟ್ಟರೆ ಅಪ್ಪಿಕೊಳ್ಳುತ್ತಿದ್ದಳು. ಕಂಪ್ಯೂಟರು ಯಾವುದು, ಬ್ರೌಸರು ಯಾವುದು ಎಂದು ಒಂದೇ ಉಸಿರಿಗೆ ವಿಚಾರಿಸಿದಳು. ಸಿಸ್ಟರು ಒಂದೊಂದಾಗಿ ಹೇಳಿದರು. ಅವರದು ಊರಾಚೆಯ ಕ್ಲಿನಿಕ್ಕು. ಅಲ್ಲಿರುವುದು ಒಂದೇ ಕಂಪ್ಯೂಟರು, ಅದನ್ನು ರಕ್ತ ಪರೀಕ್ಷೆಯ ಯಂತ್ರಕ್ಕೆ ಕಟ್ಟಿಹಾಕಿದ್ದಾರೆ. ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿದೆ, ಯಂತ್ರ ಮಾತ್ರ ಗಟ್ಟಿಮುಟ್ಟಾಗಿದೆ. ಕಂಪ್ಯೂಟರಿನಲ್ಲಿ ಏನನ್ನಾದರೂ ಹೊಸದು ಮಾಡಿದರೆ ಯಂತ್ರ ನಿಂತುಹೋಗುತ್ತದೆ. ರೋಗಿಗಳ ವಿವರವನ್ನು ಸ್ವಂತ ಫೋನಿನಲ್ಲಿ ತೆರೆಯಕೂಡದೆಂದು ಆಸ್ಪತ್ರೆಯ ನಿಯಮ. ಇನ್ನೊಂದು ಕಂಪ್ಯೂಟರು ಕೇಳಿ ಅರ್ಜಿ ಕೊಟ್ಟು ಮೂರು ವರ್ಷವಾಗಿದೆ, ಅದು ಪರಿಶೀಲನೆಯಲ್ಲಿದೆ.

"ದೂರು ಕೊಡ್ಲಿಲ್ವಾ ಸಿಸ್ಟರ್?"

"ಕೊಡೋಕೆ ಹೋದೆ. ದೂರಿನ ಫಾರಂ ಆ ಪೇಜಲ್ಲೇ ಇದೆ, ಅಲ್ಲೇ ತುಂಬಿ ಅಂದ್ರು."

ಶುಕ್ರವಾರ ಹನ್ನೊಂದಕ್ಕೆ ಮ್ಯೂಸಿಯಮ್ಮ ಸಿಸ್ಟರನ್ನು ಮುಂದಿಟ್ಟುಕೊಂಡು ಮೀಟಿಂಗಿನ ಕೋಣೆಗೆ ನುಗ್ಗಿದಳು. ಬೇಟೆಯಾಡಿ ಬಂದವಳ ಠೀವಿ ಅವಳ ನಡಿಗೆಯಲ್ಲಿತ್ತು. "ನೀವು ಕೇಳಿದ ಬಳಕೆದಾರರು. ಉಸಿರಾಡ್ತಿದ್ದಾರೆ, ನೋಡ್ಕೊಳ್ಳಿ" ಎಂದು ಕಲಾವಿದನಿಗೆ ಹೇಳಿ ಒಂದು ಕುರ್ಚಿ ಎಳೆದು ಸಿಸ್ಟರನ್ನು ಕೂರಿಸಿದಳು. ಕಲಾವಿದ ಸಿಸ್ಟರನ್ನು ನೋಡಿದ ರೀತಿಗೆ, ಅಳಿದುಹೋಯಿತೆಂದು ಪುಸ್ತಕದಲ್ಲಿ ಓದಿದ್ದ ಪ್ರಾಣಿಯೊಂದು ಸ್ವೆಟರ್ ಹಾಕಿಕೊಂಡು ಎದುರಿಗೆ ಬಂದು ಕೂತಂತಿತ್ತು.

ಎಣಿಕೆಯ ಪ್ರೋಗ್ರಾಮು, ದೂರಿನ ಫಾರಂ, ರಕ್ತದ ಯಂತ್ರ ಎಲ್ಲವನ್ನೂ ಮ್ಯೂಸಿಯಮ್ಮ ಬಿಡಿಸಿ ಹೇಳಿದಳು. ಮ್ಯಾನೇಜರು ಗಲ್ಲ ಕೆರೆದುಕೊಂಡರು. "ಸರಿ ಮೇಡಂ, ಒಪ್ಪಿದೆ. ಆದ್ರೆ ಒಬ್ಬರು ಅಂದ್ರೆ ಶೇಕಡಾ ಎಷ್ಟಾಗುತ್ತೆ ಅಂತ ನೋಡ್ಬೇಕಲ್ಲ?" ಯಾರೋ ಫೋನು ತೆಗೆದು ಭಾಗಾಕಾರ ಮಾಡಲು ಶುರು ಮಾಡಿಯೇಬಿಟ್ಟರು. ಕಲಾವಿದ ಮುಖ ಗಂಟಿಕ್ಕಿಕೊಂಡು, ಹನಿಗಳನ್ನು ತೆಗೆದರೆ ಪುಟದ ಆತ್ಮವೇ ಹೋಗುತ್ತದೆ ಎಂದ.

ಸಿಸ್ಟರು ಕೈಚೀಲದಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ನಾನು ಒಬ್ಬಳಲ್ಲ ಸಾರ್, ಇದರಲ್ಲಿ ನಲವತ್ತು ಜನ ಇದ್ರು. ಪ್ರತಿ ಬುಧವಾರ ಎರಡು ಬಸ್ ಬದಲಾಯಿಸಿ ಪಟ್ಟಿ ತಂದು ಕೊಡ್ತೀನಿ, ಎದುರಿಗೆ ನಿಂತ್ರೆ ಗೊಣಗ್ತಾ ತಗೋತಾರೆ. ಚಳಿಗಾಲದಲ್ಲಿ ಒಂದು ಬುಧವಾರ ನಂಗೆ ಜ್ವರ ಬಂದು ಏಳೋಕೆ ಆಗ್ಲಿಲ್ಲ. ನಮ್ಮಲ್ಲಿ ಇನ್ನೊಬ್ಬಳು ಆಸ್ಪತ್ರೆಗೆ ಫೋನ್ ಮಾಡಿದ್ಲು, ವೆಬ್‌ಸೈಟಲ್ಲಿ ಹಾಕಿ ಅಂದ್ರು. ಆ ವಾರ ನಮ್ಮ ಕಡೆಗೆ ವ್ಯಾನ್ ಬರ್ಲಿಲ್ಲ. ಕೆಲವರು ಹೇಗೋ ಬಂದ್ರು, ಕೆಲವರು ತಡ್ಕೊಂಡ್ರು. ಈ ಹನ್ನೊಂದನೇ ಹೆಸರು ನೋಡಿ, ಇವರಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಹೋಗ್ಬಿಟ್ರು. ಹೆಸರು ಹೊಡೆದು ಹಾಕ್ಬೇಕು, ನಂಗೆ ಕೈ ಬರ್ತಿಲ್ಲ."

ಭಾಗಾಕಾರ ಮಾಡುತ್ತಿದ್ದವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಬೈಯೋಕೆ ಬಂದಿಲ್ಲ ನಾನು" ಎಂದರು ಸಿಸ್ಟರು. "ಒಂದು ವಿಷಯ ತಿಳ್ಕೋಬೇಕಿತ್ತು. ಈ ಪೇಜು ಹೊರಗೆ ಬಿಡೋಕೆ ಮುಂಚೆ ನಮ್ಮಂಥ ಕಂಪ್ಯೂಟರಲ್ಲಿ ಯಾರೂ ತೆರೆದು ನೋಡ್ಲೇ ಇಲ್ವಾ?"

ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಆ ಆಫೀಸಿನಲ್ಲಿ ಯಾವ ಪ್ರಶ್ನೆಗೂ ಉತ್ತರವಿಲ್ಲದಿರಬಹುದು, ಯಾರ ತಪ್ಪು ಎಂಬ ಪ್ರಶ್ನೆಗೆ ಮಾತ್ರ ಕಾಗದದಲ್ಲೇ ಉತ್ತರವಿರುತ್ತಿತ್ತು. ಅವರು ಪರೀಕ್ಷಾ ಹಾಳೆಗಳ ಕಪಾಟಿನ ಕಡೆಗೆ ಹೊರಳುವಷ್ಟರಲ್ಲಿ ಮ್ಯೂಸಿಯಮ್ಮ ಎದ್ದು ನಿಂತಳು. ಬುಧವಾರದಿಂದ ಅವಳ ಎದೆಯೊಳಗೆ ಕುಣಿಯುತ್ತಿದ್ದ ಸಂತೋಷವೆಲ್ಲ ಎಲ್ಲಿಗೋ ಇಳಿದುಹೋಗಿತ್ತು. ಬಿಳೀ ಹಾಳೆ ಎಂಬ ಮಾತು ಕೇಳಿದಾಗಲೇ ತಾನು ಬರೆದಿದ್ದು ನೆನಪಾಗಬೇಕಿತ್ತು. ಕುರ್ಚಿ ಉಳಿಯುವ ಖುಷಿಯಲ್ಲಿ ಅವಳು ಅದನ್ನು ಹತ್ತಿರ ಬರಗೊಟ್ಟಿರಲಿಲ್ಲ.

"ನೋಡಿದ್ದೆ ಸಿಸ್ಟರ್. ನಾನೇ ನೋಡಿದ್ದು. ಬಿಳೀ ಹಾಳೆ ಬರುತ್ತೆ, ಬಿಡಬಾರದು ಅಂತ ಬರೆದಿದ್ದೆ. ಆಮೇಲೆ ಇವರೆಲ್ಲ ನಕ್ಕರು ಅಂತ ಅದನ್ನ ಹೊಡೆದುಹಾಕಿ ಬಿಡಬಹುದು ಅಂತ ಬರೆದೆ. ಸಹಿ ನಂದೇ."

ಸಿಸ್ಟರು ಎರಡು ದಿನದಿಂದ ತನ್ನ ಕೈ ಹಿಡಿದು ಓಡಾಡಿಸಿದ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ ಹೆಂಗಸು ಇವಳೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯುವಂತೆ ಅವಳನ್ನು ನೋಡಿದರು. ಬೈದಿದ್ದರೆ ಮ್ಯೂಸಿಯಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಹಾಗಾದ್ರೆ ನೀವೇ ಸರಿಮಾಡಿ" ಎಂದರು. "ಆಗೋವರೆಗೂ ನಾನು ಇಲ್ಲೇ ಕೂತಿರ್ತೀನಿ."

ಅವಳ ಕುರ್ಚಿ ಉಳಿಯಿತೆಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಸಿಸ್ಟರು ಹೊರಗಿನ ಬೆಂಚಿಗೆ ಹೋದ ಮೇಲೆ ಮ್ಯಾನೇಜರು ಹತ್ತಿರ ಬಂದು ದನಿ ತಗ್ಗಿಸಿ, "ನಿಮ್ಮನ್ನ ಈಗ ತೆಗೆಯೋ ಹಾಗಿಲ್ಲ ಮೇಡಂ. ನಾಳೆ ಆಸ್ಪತ್ರೆಯೋರು ಕೇಳಿದ್ರೆ ಸಹಿ ಹಾಕಿದವರು ಇಲ್ಲೇ ಇರ್ಬೇಕಲ್ಲ" ಎಂದರು. ನಲವತ್ತು ಜನ ಉಳಿಸಲಾಗದ ಮೇಜನ್ನು ಒಂದು ತಪ್ಪು ಸಹಿ ಉಳಿಸಿತು. ಕಲಾವಿದ ಮಾತ್ರ ತಾನಾಗಿಯೇ ಬಂದು ಪುಟದ ಮೂಲ ಕಡತಗಳನ್ನು ಅವಳ ಡಬ್ಬಕ್ಕೆ ಹಾಕಿಕೊಟ್ಟು, ಬಾಲದ ಮೌಸನ್ನು ಅವಳ ಕೈಗೆ ಸರಿಸಿ, ಪಕ್ಕದಲ್ಲೇ ನಿಂತ.

ಕೆಲಸ ಬಹಳವೇನಿರಲಿಲ್ಲ. ಹಳೆಯ ಬ್ರೌಸರಿನಿಂದ ಬಂದವರಿಗೆ ಹನಿ, ಜಾರುವ ಹೆಸರು, ನಾಚುವ ಕಿಡ್ನಿ ಯಾವುದೂ ಬೇಡ, ಬರೀ ಪಟ್ಟಿ ತೋರಿಸು ಎಂದು ಹೇಳುವ ನಾಲ್ಕಾರು ಸಾಲು ಬರೆಯಬೇಕಿತ್ತು. ಬರೆದು ಮೂರೂ ಡಬ್ಬಗಳಲ್ಲಿ ತೆರೆದು ನೋಡಿ, ಹೊಸ ಪರೀಕ್ಷಾ ಹಾಳೆ ತುಂಬಿ, ಹೊರಗೆ ಬಿಟ್ಟಳು. ಸಿಸ್ಟರು ಕ್ಲಿನಿಕ್ಕಿಗೆ ಫೋನು ಮಾಡಿದರು. ಆ ಕಡೆಯ ಹೆಣ್ಣುದನಿ "ಇರಿ ಸಿಸ್ಟರ್, ತೆರೀತಿದೆ, ತೆರೀತಿದೆ" ಎಂದಿತು, ಆಮೇಲೆ "ಬಂತು! ಹೆಸರೆಲ್ಲಾ ಬಂತು ಸಿಸ್ಟರ್!" ಎಂದು ಕೂಗಿದ್ದು ಪಕ್ಕದ ಮೇಜಿನವರಿಗೂ ಕೇಳಿಸಿತು.

ಸಿಸ್ಟರು ಫೋನನ್ನು ಚೀಲಕ್ಕೆ ಹಾಕಿಕೊಂಡು ಗೋಡೆಯ ಗಡಿಯಾರ ನೋಡಿದರು.

"ಎಷ್ಟು ಹೊತ್ತು ಹಿಡೀತಮ್ಮ?"

"ಮುಕ್ಕಾಲು ಗಂಟೆ."

"ಇಷ್ಟೇನಾ?"

ಮ್ಯೂಸಿಯಮ್ಮನ ಬಾಯಲ್ಲಿ ಯಾವಾಗಲೂ ಒಂದು ವಾದ ತಯಾರಿರುತ್ತಿತ್ತು. ವರದಿಯಲ್ಲಿ ಸೊನ್ನೆ ಇತ್ತು ಎನ್ನಬಹುದಿತ್ತು, ದೂರು ಬಂದಿರಲಿಲ್ಲ ಎನ್ನಬಹುದಿತ್ತು, ಎಲ್ಲರೂ ನಕ್ಕರು ಎಂದು ಇನ್ನೊಮ್ಮೆ ಹೇಳಬಹುದಿತ್ತು. "ಇಷ್ಟೇ ಸಿಸ್ಟರ್" ಎಂದಳು, ಅಷ್ಟು ಹೇಳುವಾಗಲೇ ಎಲ್ಲರ ಎದುರಿಗೇ ಅತ್ತುಬಿಟ್ಟಳು.